ಇಬ್ಬರ ಹಾಡು, ಯಾರ ಮೆರವಣಿಗೆಯೂ ಅಲ್ಲ

ನಾನು ಮತ್ತು ನಮ್ಮ ಮನೆಯವರು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ರಾಜ್ಯೋತ್ಸವಕ್ಕೆ, ಗಣಪತಿ ಹಬ್ಬಕ್ಕೆ ಜೊತೆಯಾಗಿ ಭಾವಗೀತೆ ಹಾಡುತ್ತೇವೆ. ಹಾಗಾಗಿ ಯಾವ ಜೋಡಿ ಹಾಡಿದರೂ ನನ್ನ ಕಿವಿ ಹೋಗುವುದು ಒಂದೇ ಕಡೆ: ಒಬ್ಬರು ಹಾಡುವಾಗ ಇನ್ನೊಬ್ಬರು ಏನು ಮಾಡುತ್ತಿದ್ದಾರೆ? ಎಷ್ಟೋ ಸಲ ಅಲ್ಲಿ ಪೈಪೋಟಿಯೇ ಕೇಳಿಸುತ್ತದೆ. ‘ದಿ ವೀಪೀಸ್’ ಜೋಡಿಯ ‘ಸೇ ಐ ಆ್ಯಮ್ ಯು’ ಆಲ್ಬಂನಲ್ಲಿ ಅದು ಒಂಚೂರೂ ಇಲ್ಲ.

ಈ ಜೋಡಿ, ಅಂದರೆ ಅಮೆರಿಕದ ಡೆಬ್ ಟಾಲನ್ ಮತ್ತು ಸ್ಟೀವ್ ಟ್ಯಾನೆನ್, ಮೊದಲು ಬೇರೆಬೇರೆಯಾಗಿ ಹಾಡುತ್ತಿದ್ದವರು. ಭೇಟಿಗೆ ಮುಂಚೆಯೇ ಒಬ್ಬರ ಹಾಡನ್ನು ಇನ್ನೊಬ್ಬರು ಮೆಚ್ಚಿಕೊಂಡಿದ್ದರು. ಎದುರುಬದುರಾದದ್ದು ಮಸಾಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿರುವ ಕ್ಲಬ್ ಪಾಸಿಮ್ ಎಂಬ ಜಾನಪದ ಸಂಗೀತದ ತಾಣದಲ್ಲಿ. ಆ ಮೆಚ್ಚುಗೆ 2006ರ ಈ ಆಲ್ಬಂನಲ್ಲಿ ಹಾಗೇ ಕೇಳಿಸುತ್ತದೆ.

‘ವರ್ಲ್ಡ್ ಸ್ಪಿನ್ಸ್ ಮ್ಯಾಡ್ಲಿ ಆನ್’ ಕೇಳಿ. ಪ್ರೀತಿಸಿದವಳನ್ನು ಕಳೆದುಕೊಂಡವನ ದುಃಖ. ಅವನಿಗೆ ಹಾಸಿಗೆ ಬಿಟ್ಟೇಳಲೂ ಮನಸ್ಸಿಲ್ಲ, ಪ್ರಪಂಚ ಮಾತ್ರ ತನ್ನ ಪಾಡಿಗೆ ತಿರುಗುತ್ತಿದೆ. ಸ್ಟೀವ್ ಅದನ್ನು ಅಳದೆ, ಮಾತಾಡಿದ ಹಾಗೆ ಹಾಡುತ್ತಾರೆ. ಡೆಬ್ ದನಿ ಸೇರಿದಾಗ ಗಮನಿಸಿ. ಅವರು ಸಮಾಧಾನ ಹೇಳಲು ಬಂದಿಲ್ಲ, ಮುಂದೆ ನಿಲ್ಲಲೂ ಬಂದಿಲ್ಲ. ಅದೇ ಪದ, ಅದೇ ಉಸಿರು, ಪಕ್ಕದಲ್ಲೇ ನಡೆಯುತ್ತಾರೆ. ನಮ್ಮಲ್ಲಿ ಆಲಾಪ ಹಾಕುವ ಆಸೆ ತಡೆಯುವುದು ಎಷ್ಟು ಕಷ್ಟ ಅಂತ ಹಾಡುವವರಿಗೆ ಗೊತ್ತಲ್ವಾ?

‘ಗಾಟ ಹ್ಯಾವ್ ಯು’ದಲ್ಲಿ ಮುಖ್ಯ ದನಿ ಡೆಬ್ ಅವರದು. ಕಾಫಿಯೂ ಸಾಲದು, ವೈನೂ ಸಾಲದು, ನೀನೇ ಬೇಕು ಅನ್ನುವ ಹಾಡು. ಪಲ್ಲವಿಯಲ್ಲಿ ಸ್ಟೀವ್ ಮೆಲ್ಲಗೆ ಜೊತೆಯಾಗುತ್ತಾರೆ. ಇನ್ನೊಂದು ಹಾಡಿನಲ್ಲಿ ಚಿತ್ರಕಾರ ಶಗಾಲ್ ಬರುತ್ತಾರೆ. ಊರಿನ ಮೇಲೆ ತೇಲಿಹೋಗುವ ಅವರ ಪ್ರೇಮಿಗಳ ಚಿತ್ರ ನೋಡಿದವರಿಗೆ ಅದು ಜಾಸ್ತಿ ಹಿಡಿಸುತ್ತದೆ.

ಕೊರತೆಯೂ ಇದೆ. ಹದಿಮೂರು ಹಾಡುಗಳು, ಬಹುಪಾಲು ಒಂದೇ ನಡೆ. ಒಂದೇ ಗುಕ್ಕಿಗೆ ಕೇಳಿದರೆ ಮಧ್ಯದಲ್ಲಿ ಸಪ್ಪೆಯಾಗುತ್ತದೆ, ಯಾವ ಹಾಡು ಮುಗಿದು ಯಾವುದು ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಎರಡು ಮೂರು ಹಾಡು ಕಡಿಮೆಯಿದ್ದಿದ್ದರೆ ಚೆನ್ನಾಗಿತ್ತು.

ಲೋಕಲ್ ರೈಲಿನಲ್ಲಿ ಮಾತ್ರ ಕೇಳಬೇಡಿ. ಥಾಣೆ ಸ್ಟೇಷನ್ ದಾಟುವಷ್ಟರಲ್ಲಿ ಗಿಟಾರಿನ ತಂತಿ ಮೀಟುವ ಸದ್ದೇ ಮುಳುಗಿಹೋಗುತ್ತದೆ, ಜೊತೆದನಿಯಂತೂ ಕೇಳಿಸುವುದೇ ಇಲ್ಲ. ರಾತ್ರಿ ಊಟ ಮುಗಿದ ಮೇಲೆ, ಫ್ಯಾನ್ ಸ್ವಲ್ಪ ನಿಧಾನ ಮಾಡಿ ಹಚ್ಚಿ. ಸಂಘದಲ್ಲಿ ಯುಗಳ ಗೀತೆ ಹಾಡುವವರಿದ್ದರೆ ಇಬ್ಬರೂ ಒಟ್ಟಿಗೆ ಕೂತು ಕೇಳಿ. ನಾವು ಮುಂದಿನ ತಾಲೀಮಿಗೆ ನಮ್ಮ ಒಂದು ಹಾಡಿನ ಆಲಾಪವನ್ನು ಪೂರ್ತಿ ತೆಗೆದುಹಾಕಿದ್ದೇವೆ.