ದಿನಾ ಹಾಕೋ ಚಿನ್ನದ ಸರ: ಮೂರು ಕೊಂಡೆ, ಕುತ್ತಿಗೆಯಲ್ಲಿ ಉಳಿದದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಬೆಂಗಳೂರಿನ ನಗರತ್‌ಪೇಟೆಯ ಅಕ್ಕಸಾಲಿಗರೊಬ್ಬರ ಹತ್ತಿರ ಮಾಡಿಸಿದ ಗಟ್ಟಿ ಕೊಂಡಿಯ ಸರಕ್ಕೆ. ಕೊನೆಗೆ ಬೇರೇನಾದರೂ ತೀರ್ಪು ಬಂದೀತು ಅಂತ ಕಾಯಬೇಡಿ. ಉಳಿದ ಎರಡು ಸರಗಳನ್ನೂ ನನ್ನ ಸಂಬಳದಲ್ಲೇ ಕೊಂಡು, ನನ್ನ ಕುತ್ತಿಗೆಯಲ್ಲೇ ಹಾಕಿ ನೋಡಿದ್ದೇನೆ. ಹಾಗಾಗಿ ಬೈಯುವ ಹಕ್ಕು ನನಗಿದೆ.

ನಾನು ಸರ ಹೇಗೆ ಹಾಕುತ್ತೇನೆ ಅನ್ನುವುದು ಇಲ್ಲಿ ಮುಖ್ಯ. ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುತ್ತೇನೆ, ಅಂದರೆ ದಿನಕ್ಕೆ ಎರಡು ಸಲವಾದರೂ ಹೆಲ್ಮೆಟ್ ಹಾಕಿ ತೆಗೆಯುವುದು. ಸ್ನಾನಕ್ಕೂ ಸರ ತೆಗೆಯುವುದಿಲ್ಲ, ಮಲಗುವಾಗಲೂ ತೆಗೆಯುವುದಿಲ್ಲ. ಮನೆಯಲ್ಲಿ ಒಂದು ಮಗು ಇದೆ, ಅದಕ್ಕೆ ಎತ್ತಿಕೊಂಡ ತಕ್ಷಣ ಮೊದಲು ಕೈಗೆ ಸಿಗಬೇಕಾದದ್ದು ಅಮ್ಮನ ಸರ. ನಿಮ್ಮದು ಶುಕ್ರವಾರ ಹಾಕಿ ಭಾನುವಾರ ತೆಗೆದಿಡುವ ಸರವಾದರೆ ಮುಂದಿನ ಅರ್ಧ ದೂರು ನಿಮಗೆ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಕೊಂಡದ್ದು ದೊಡ್ಡ ಶೋರೂಮೊಂದರ ಹಗ್ಗದ ಸರ, ಅಂದರೆ ಹಗ್ಗದ ಹಾಗೆ ಹೊಸೆದಂತೆ ಕಾಣುವ ಚಿನ್ನದ ಸರ. 22 ಕ್ಯಾರೆಟ್, 8.1 ಗ್ರಾಂ. ಅಕ್ಷಯ ತೃತೀಯದ ನೂಕುನುಗ್ಗಲು, ತಣ್ಣನೆ ಎಸಿ, ಕೈಗೆ ಬಾದಾಮಿ ಹಾಲು. ಸೇಲ್ಸ್ ಹುಡುಗಿ ಕಪ್ಪು ಟ್ರೇ ಮೇಲೆ ಸರ ಇಳಿಬಿಟ್ಟು, "ಎಂಟು ಗ್ರಾಂ ಅಂದ್ರೆ ಯಾರೂ ನಂಬಲ್ಲ ಮೇಡಂ, ಹದಿನೈದು ಗ್ರಾಂ ಲುಕ್ಕು" ಅಂದಳು. ನಾನು ಖುಷಿಯಾಗಿ ನಂಬಿದೆ. ಅಷ್ಟು ದಪ್ಪ ಕಾಣುವ ಸರ ಅಷ್ಟು ಹಗುರ ಇರಬೇಕಾದರೆ ಒಳಗೆ ಏನೂ ಇರಲಿಕ್ಕಿಲ್ಲ ಅನ್ನುವ ಸರಳ ಲೆಕ್ಕ ಬಾದಾಮಿ ಹಾಲಿನ ಜೊತೆ ಹೊಟ್ಟೆಗೆ ಹೋಯಿತು. 'ಪೊಳ್ಳು' ಅನ್ನುವ ಪದವನ್ನು ಆವತ್ತು ಯಾರೂ ಆಡಲಿಲ್ಲ. 'ಲೈಟ್‌ವೇಟ್' ಅಂದರು.

ಇದನ್ನು ಹೇಗೆ ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅಗ್ಗದ ಲೋಹದ ತಂತಿಯ ಮೇಲೆ ಚಿನ್ನದ ತೆಳು ತಗಡು ಸುತ್ತಿ, ಅದರಿಂದ ಸರ ಹೆಣೆದು, ಕೊನೆಗೆ ಆಸಿಡ್‌ನಲ್ಲಿ ಒಳಗಿನ ಲೋಹವನ್ನು ಕರಗಿಸಿಬಿಡುತ್ತಾರೆ. ಉಳಿಯುವುದು ಚಿನ್ನದ ಕೊಳವೆ. ಎಳನೀರು ಕುಡಿಯುವ ಸ್ಟ್ರಾ ಇದ್ದ ಹಾಗೆ. ಬಾಗಿಸಿದರೆ ಬಾಗುತ್ತದೆ, ಒತ್ತಿದರೆ ಚಪ್ಪಟೆ, ಒಂದೇ ಜಾಗ ಉಜ್ಜುತ್ತಿದ್ದರೆ ತೂತು.

ನನ್ನದು ಉಜ್ಜುತ್ತಿದ್ದದ್ದು ಹೆಲ್ಮೆಟ್ ಪಟ್ಟಿಗೆ. ಏಳನೇ ತಿಂಗಳು ಆಫೀಸಿನ ಪಾರ್ಕಿಂಗ್‌ನಲ್ಲಿ ಹೆಲ್ಮೆಟ್ ತೆಗೆದೆ, ಸರ ಕುರ್ತಾದೊಳಗೆ ಜಾರಿ ಸೊಂಟದ ಹತ್ತಿರ ತಣ್ಣಗೆ ತಗುಲಿತು. ಪುಣ್ಯಕ್ಕೆ ರಸ್ತೆಯಲ್ಲಿ ಬೀಳಲಿಲ್ಲ. ಶೋರೂಮಿಗೆ ಹೋದರೆ, ಇದನ್ನು ಇಲ್ಲಿ ಬೆಸೆಯಲು ಆಗುವುದಿಲ್ಲ, ಫ್ಯಾಕ್ಟರಿಗೆ ಕಳಿಸಬೇಕು ಅಂದರು. 22 ದಿನ. ಅಷ್ಟರಲ್ಲಿ ಬರಿ ಕುತ್ತಿಗೆ ನೋಡಿ ಅತ್ತೆ ಮೂರು ಸಲ ಕೇಳಿದರು.

ವಾಪಸ್ ಬಂದ ಸರದಲ್ಲಿ ಬೆಸುಗೆ ಹಾಕಿದ ಜಾಗ ಅಕ್ಕಿಕಾಳಿನಷ್ಟು ಉದ್ದ ಬಿಗಿಯಾಗಿ ನಿಂತಿತ್ತು. ಉಳಿದ ಸರ ಹಾವಿನ ಹಾಗೆ ಹರಿದರೆ ಅಲ್ಲಿ ಮಾತ್ರ ಕಡ್ಡಿ. ಅದು ಸರಿಯಾಗಿ ಹಿಂಗತ್ತಿನಲ್ಲಿ ಬಂದು ಕೂರುತ್ತಿತ್ತು, ಒಂದೆರಡು ಕೂದಲು ಹಿಡಿದುಕೊಂಡು. ತಲೆ ತಿರುಗಿಸಿದಾಗಲೆಲ್ಲ ಚುರ್ ಅನ್ನುತ್ತದೆ. ಎರಡು ತಿಂಗಳು ತಡೆದುಕೊಂಡೆ. ಆಮೇಲೆ ಬೆಸುಗೆಯ ಪಕ್ಕದಲ್ಲೇ, ಅರ್ಧ ಇಂಚು ಆಚೆ, ಮತ್ತೆ ಕಿತ್ತಿತು. ಕೊಳವೆಯ ಗೋಡೆ ಅಷ್ಟು ತೆಳು ಇದ್ದಾಗ ಒಂದು ಕಡೆ ಬಿಗಿಯಾದರೆ ಎಳೆತ ಪಕ್ಕದ ಕೊಂಡಿಯ ಮೇಲೆ ಬೀಳುತ್ತದೆ, ಅಷ್ಟೇ ವಿಷಯ.

ನಿಜವಾಗಿ ತಲೆ ಕೆಟ್ಟದ್ದು ಇದಾದ ಮೇಲೆ. ಎರಡನೇ ರಿಪೇರಿಯಲ್ಲಿ ಲಾಕ್ ಹತ್ತಿರದ ತುಂಡನ್ನೇ ಕತ್ತರಿಸಿ ಹೊಸ ಲಾಕ್ ಹಾಕಿಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ ತಂದೆ. ಮನೆಗೆ ಬಂದು ನೋಡಿದರೆ ಹಾಲ್‌ಮಾರ್ಕ್ ಇಲ್ಲ! ಸರಗಳಿಗೆ ಹಾಲ್‌ಮಾರ್ಕ್ ಹೊಡೆಯುವುದು ಸಾಮಾನ್ಯವಾಗಿ ಲಾಕ್ ಪಕ್ಕದ ಪುಟ್ಟ ತಗಡಿನ ಮೇಲೋ ಉಂಗುರದ ಮೇಲೋ. ಸರ್ಕಾರಿ ಮಾನಕ ಸಂಸ್ಥೆ ಬಿಐಎಸ್‌ನ ಗುರುತು, ಸಾವಿರಕ್ಕೆ 916 ಭಾಗ ಚಿನ್ನ ಅನ್ನುವ 22ಕೆ916, ಒಡವೆಗೊಂದರಂತೆ ಇರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ನಂಬರು, ಮೂರೂ ಹಳೇ ಲಾಕ್ ಜೊತೆ ಹೋಗಿತ್ತು. ಮತ್ತೆ ಓಡಿದೆ. ಹಳೇ ತುಂಡು ಸಿಗುವುದಿಲ್ಲ ಅಂದರು. ಸರಿ, ಸರವನ್ನೇ ವಾಪಸ್ ತೆಗೆದುಕೊಳ್ಳಿ ಅಂದರೆ, "ಹಾಲ್‌ಮಾರ್ಕ್ ಇಲ್ಲ ಅಲ್ವಾ ಮೇಡಂ, ಕರಗಿಸಿ ನೋಡಬೇಕಾಗುತ್ತೆ" ಅಂದರು. ಹಾಲ್‌ಮಾರ್ಕ್ ತೆಗೆದವರು ಯಾರು? ಆ ಪ್ರಶ್ನೆಗೆ ಇನ್ನೊಂದು ಲೋಟ ಬಾದಾಮಿ ಹಾಲು ಬಂತು.

ದಯವಿಟ್ಟು ಇದೊಂದನ್ನು ಮಾಡಿ: ಸರ ರಿಪೇರಿಗೆ ಕೊಡುವ ಮೊದಲು ಹಾಲ್‌ಮಾರ್ಕ್ ಎಲ್ಲಿದೆ ಅಂತ ನೋಡಿ, ಫೋಟೋ ಹೊಡೆದುಕೊಳ್ಳಿ, ಆ ತುಂಡು ವಾಪಸ್ ಬೇಕು ಅಂತ ರಸೀದಿಯಲ್ಲೇ ಬರೆಸಿ.

ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ 18 ಕ್ಯಾರೆಟ್ ಸರ. ಸುಮಾರು 4 ಗ್ರಾಂ, ಎಳೆ ನೂಲಿನಷ್ಟು. ಇದು ಪೊಳ್ಳಲ್ಲ. ಚಿನ್ನ 75 ಭಾಗ, ಉಳಿದ ಕಾಲು ಭಾಗ ಬೇರೆ ಲೋಹ ಇರುವುದರಿಂದ ಗಟ್ಟಿತನ ಜಾಸ್ತಿ. ಎರಡು ವರ್ಷದಲ್ಲಿ ಒಮ್ಮೆಯೂ ಕಿತ್ತಿಲ್ಲ, ಹೆಲ್ಮೆಟ್‌ಗೂ ಬಗ್ಗಿಲ್ಲ. ಬಣ್ಣ ಮಾತ್ರ ಸ್ವಲ್ಪ ಪೇಲವ. ಅಮ್ಮ ನೋಡಿದ ಕೂಡಲೇ "ಇದು ಚಿನ್ನನಾ?" ಅಂದರು. ಆಫೀಸಿನಲ್ಲಿ ಯಾರೂ ಹಾಗೆ ಕೇಳಲಿಲ್ಲ. ಮದುವೆ ಮನೆಯಲ್ಲಿ ಮೂವರು ಕೇಳಿದರು.

ಗಂಟು ಬೀಳುತ್ತದೆ. ಪೌಡರ್ ಹಾಕಿ, ಎರಡು ಸೂಜಿ ಹಿಡಿದು ಬಿಡಿಸಬೇಕು.

ಬೇಜಾರು ಬಂದದ್ದು ಬದಲಿಸಲು ಹೋದಾಗ. ಕೊಂಡ ಕಡೆಯೇ ಆದರೆ ತೆಗೆದುಕೊಳ್ಳುತ್ತಾರೆ. ನಾನು ವಿಚಾರಿಸಿದ ಎರಡು 22 ಕ್ಯಾರೆಟ್ ಅಂಗಡಿಗಳಲ್ಲಿ 18 ಅಂದ ತಕ್ಷಣ ಮುಖ ಹುಳಿ ಮಾಡಿದರು. ಜೊತೆಗೆ ಮಜೂರಿ. ಸಣ್ಣ ಒಡವೆಗೆ ಕೆಲಸ ಜಾಸ್ತಿ ಅಂತ ಶೇಕಡಾ 20 ಹಾಕಿದ್ದರು. ತೂಕ ಕಡಿಮೆ ಇದ್ದದ್ದರಿಂದ ಬಿಲ್ಲು ಸಣ್ಣದಾಗಿ ಕಂಡಿತು, ನಾನು ಶೇಕಡಾ ನೋಡಲೇ ಇಲ್ಲ.

ಈಗ ನನ್ನ ಮೆಚ್ಚಿನದು. ಆ ಮುರುಕು ಹಗ್ಗದ ಸರವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನಗರತ್‌ಪೇಟೆಗೆ ಹೋದೆ. ಎರಡನೇ ಮಹಡಿ, ನಾಲ್ಕಡಿ ಅಗಲದ ಕೋಣೆ, ಒಬ್ಬರೇ ಕೂತಿದ್ದರು. ಸರವನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ಮೀಟಿ, "ಪೊಳ್ಳು" ಅಂದರು. ಒಂದೂವರೆ ವರ್ಷದಲ್ಲಿ ಆ ಪದ ಕೇಳಿದ್ದು ಅದೇ ಮೊದಲು. ರಿಪೇರಿ ಮಾಡಿಕೊಡಿ ಅಂದೆ. "ಇದಕ್ಕೆ ಬೆಂಕಿ ತೋರಿಸಿದರೆ ಬೆಸುಗೆಗೆ ಮೊದಲು ಸರವೇ ಕರಗುತ್ತೆ, ಬೇಡ" ಅಂದರು. ಹಾಗಾದರೆ ಪೂರ್ತಿ ಕರಗಿಸಿಯೇ ಬಿಡಿ, ಗಟ್ಟಿ ಸರ ಮಾಡಿಕೊಡಿ ಅಂದೆ.

ನನ್ನ ಎದುರೇ ತೂಗಿದರು, 8.04. ಮೂಸೆಯಲ್ಲಿ ಇಟ್ಟು, ಚಿಟಿಕೆ ಬಿಳಿಗಾರ ಹಾಕಿ, ಉರಿ ಹಿಡಿದರು. ಹದಿನೈದು ಗ್ರಾಂ ಲುಕ್ಕಿನ ಸರ ಮೊದಲು ಕಪ್ಪಾಯಿತು, ಆಮೇಲೆ ಕುಸಿಯಿತು, ಆಮೇಲೆ ದುಂಡಗೆ ಮುದುರಿ ಹೊಳೆಯಿತು. ತಣಿದ ಮೇಲೆ ಅಂಗೈಯಲ್ಲಿಟ್ಟರೆ ಒಂದು ಹುಣಸೆ ಬೀಜ, ಅಷ್ಟೇ. 7.88 ಗ್ರಾಂ. ಕೊಳವೆಯೊಳಗೆ ಸೇರಿದ್ದ ಸೋಪು, ಬೆವರು, ಕೊಳೆ ಹೋಯಿತು ಅಂದರು. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರಲ್ಲ, ಅದಕ್ಕೇ ಎದುರಿಗೇ ಮಾಡಿದೆ" ಅಂತ ಅವರೇ ನಕ್ಕರು.

ಆ ಬೀಜವನ್ನು ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆಗೆ ಕೊಟ್ಟೆವು. ಸಾರ್ವಜನಿಕರೂ ತಮ್ಮ ಒಡವೆ ಪರೀಕ್ಷೆ ಮಾಡಿಸಬಹುದು, ನಾಲ್ಕು ಒಡವೆವರೆಗೆ 200 ರೂಪಾಯಿ ಚಿಲ್ಲರೆ. 916 ಬಂತು. ಅಂದರೆ ಶೋರೂಮಿನವರು ಚಿನ್ನದಲ್ಲಿ ಮೋಸ ಮಾಡಿರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ನನ್ನ ತಪ್ಪು ತಿಳುವಳಿಕೆ ಬೇರೆ ಕಡೆ ಇತ್ತು. ಹಾಲ್‌ಮಾರ್ಕ್ ಇದೆ ಅಂದರೆ ಒಳ್ಳೇ ಸರ ಅಂದುಕೊಂಡಿದ್ದೆ. ಆ ಗುರುತು ಹೇಳುವುದು ಚಿನ್ನ ಎಷ್ಟು ಶುದ್ಧ ಅಂತ ಮಾತ್ರ. ಸರ ಗಟ್ಟಿಯೋ ಪೊಳ್ಳೋ, ಕೊಂಡಿ ಬಾಳುತ್ತದೋ ಇಲ್ಲವೋ ಅಂತ ಅದು ಹೇಳುವುದಿಲ್ಲ.

ಹೊಸ ಸರ 10 ಗ್ರಾಂ, ಮೇಲಿನ ಚಿನ್ನಕ್ಕೆ ದುಡ್ಡು ಕೊಟ್ಟೆ. ಗಟ್ಟಿ ತಂತಿ ಎಳೆದು, ಕೊಂಡಿ ಕೊಂಡಿಯಾಗಿ ಬೆಸೆದದ್ದು. ಮುಟ್ಟಿದರೆ ಭಾರ ಗೊತ್ತಾಗುತ್ತದೆ. ನೋಡಲು ಸಾದಾ, ಹಗ್ಗದ ಸರದ ಅರ್ಧ ದಪ್ಪವೂ ಇಲ್ಲ. ಲಾಕ್ ವಿಷಯದಲ್ಲಿ ಅವರು ಹೇಳಿದ ಒಂದು ಮಾತು ನನಗೆ ಹೊಸದು. ಏಡಿಯ ಕೊಂಡಿಯ ಹಾಗೆ ಬಾಯಿ ಬಿಡುವ ಲಾಬ್‌ಸ್ಟರ್ ಲಾಕ್ ಒಳಗೆ ಸಾಮಾನ್ಯವಾಗಿ ಉಕ್ಕಿನ ಸ್ಪ್ರಿಂಗ್ ಇರುತ್ತದೆ, ದಿನಾ ನೀರು ಸೋಪು ತಾಗಿದರೆ ಮೊದಲು ಸೋಲುವುದು ಅದೇ ಅಂತೆ. ಹಾಗಾಗಿ ಎಸ್ ಆಕಾರದ ಕೊಂಡಿ ಹಾಕಿಸಿದೆ. ಅದು ಸಡಿಲವಾದರೆ ಕೈಯಲ್ಲೇ ಒತ್ತಿಕೊಳ್ಳಬಹುದು.

ಕಷ್ಟಗಳೂ ಇದ್ದವು, ಮುಚ್ಚಿಡುವುದಿಲ್ಲ. "ಹತ್ತು ದಿನ" ಅಂದವರು 26 ದಿನ ಮಾಡಿದರು. ಡಿಸೈನ್ ಪುಸ್ತಕ ನನ್ನ ಅಜ್ಜಿ ಕಾಲದ್ದು. ಅವರ ಹೆಸರಿನಲ್ಲಿ ಬಿಐಎಸ್ ನೋಂದಣಿ ಇಲ್ಲ, ನೋಂದಣಿ ಇಲ್ಲದವರು ಹಾಲ್‌ಮಾರ್ಕ್ ಹಾಕಿಸುವಂತಿಲ್ಲ. ಕೊನೆಗೆ ಅವರು ಕೆಲಸ ಮಾಡಿಕೊಡುವ ಸಣ್ಣ ಅಂಗಡಿಯ ಮೂಲಕ ಬಿಲ್ಲು ಮಾಡಿಸಿ, ಎಚ್‌ಯುಐಡಿ ಹಾಕಿಸಿಕೊಟ್ಟರು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಂಬರು ಹೊಡೆದು ನೋಡಿದ ಮೇಲೆಯೇ ಉಳಿದ ದುಡ್ಡು ಕೊಟ್ಟೆ. 2023ರ ಏಪ್ರಿಲ್ 1ರಿಂದ ಆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. 'ಕೆಡಿಎಂ' ಅಂತ ಹೇಳಿ ಮಾರುವವರು ಈಗಲೂ ಇದ್ದಾರೆ. ಅದು ಬೆಸುಗೆಗೆ ಕ್ಯಾಡ್ಮಿಯಂ ಬೆರೆಸುತ್ತಿದ್ದ ಕಾಲದ ಹೆಸರು, ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೇ ವಿಷ. ಶುದ್ಧತೆಗೆ ಅದು ಸರ್ಟಿಫಿಕೇಟ್ ಅಲ್ಲ.

ದುಡ್ಡಿನ ಮಾತು. ರೇಟು ದಿನಾ ಬದಲಾಗುವುದರಿಂದ ಸುಮ್ನೆ ಲೆಕ್ಕಕ್ಕೆ ಗ್ರಾಂಗೆ 10,000 ಅಂತ ಇಟ್ಟುಕೊಳ್ಳಿ. 8 ಗ್ರಾಂ ಚಿನ್ನ 80,000. ಹಗ್ಗದ ಸರಕ್ಕೆ ನನಗೆ ಹಾಕಿದ ವೇಸ್ಟೇಜ್ (ಒಡವೆ ಮಾಡಿದ್ದಕ್ಕೆ ಅಂತ ಚಿನ್ನದ ಬೆಲೆಯ ಮೇಲೆ ಹಾಕುವ ದುಡ್ಡು) ಶೇಕಡಾ 18, ಅಂದರೆ 14,400. ಒಟ್ಟಿನ ಮೇಲೆ ಶೇಕಡಾ 3 ಜಿಎಸ್‌ಟಿ. 97,232 ಆಯಿತು. ಅಕ್ಕಸಾಲಿಗರು ತೆಗೆದುಕೊಂಡದ್ದು ಶೇಕಡಾ 6. ಅದೇ 8 ಗ್ರಾಂಗೆ 87,344. ಹತ್ತಿರ ಹತ್ತಿರ ಹತ್ತು ಸಾವಿರ ವ್ಯತ್ಯಾಸ, ಅದೂ ಮಾರುವಾಗ ಒಂದು ಪೈಸೆಯೂ ವಾಪಸ್ ಬರದ ದುಡ್ಡಿನಲ್ಲಿ. ಚಿನ್ನದ ರೇಟು ಏರುತ್ತಾ ಹೋದದ್ದರಿಂದ ಈ ನಷ್ಟ ನನಗೆ ತುಂಬ ದಿನ ಗೊತ್ತೇ ಆಗಲಿಲ್ಲ. ಏರಿಕೆಯ ಖುಷಿಯಲ್ಲಿ ವೇಸ್ಟೇಜ್ ಮುಚ್ಚಿಹೋಗುತ್ತದೆ.

ಒಂದು ಗ್ರಾಂ ಗೋಲ್ಡ್, ಅಂದರೆ ಚಿನ್ನದ ಲೇಪದ ಸರವನ್ನೂ ನಡುವೆ ಹಾಕಿದ್ದೆ, ಆ 22 ದಿನ ಅತ್ತೆಯ ಕಣ್ಣು ತಪ್ಪಿಸಲು. ಬೆವರಿಗೆ ಕಪ್ಪಾಯಿತು, ಕುತ್ತಿಗೆ ಕೆರೆಯಿತು. ಹೋಲಿಕೆಗೆ ಸೇರಿಸುವುದಿಲ್ಲ.

ಬಜೆಟ್ ನನ್ನಷ್ಟು ಇಲ್ಲದಿದ್ದರೆ? ನಾಲ್ಕೈದು ಗ್ರಾಂನಲ್ಲೇ ದಿನಾ ಹಾಕುವ ಸರ ಬೇಕಾದರೆ 22 ಕ್ಯಾರೆಟ್ ಪೊಳ್ಳಿಗಿಂತ 18 ಕ್ಯಾರೆಟ್ ಗಟ್ಟಿ ತೆಗೆದುಕೊಳ್ಳಿ ಅನ್ನುತ್ತೇನೆ. ಗಂಟು ಬಿಡಿಸುವ ತಾಳ್ಮೆ ಇದ್ದರೆ ಸಾಕು. ಕಲ್ಲಿನ ಉಂಗುರಕ್ಕಂತೂ 18ಕ್ಕೇ ಹೋಗಿ, 22ರ ಮೆತ್ತನೆ ಚಿನ್ನದಲ್ಲಿ ಕಲ್ಲು ಹಿಡಿದ ಮುಳ್ಳುಗಳು ಬೇಗ ಬಾಗುತ್ತವೆ. ಮೂಗುತಿ, ಮಗುವಿನ ಓಲೆಯಂಥ 2 ಗ್ರಾಂಗಿಂತ ಕಡಿಮೆ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಅಲ್ಲಿ ಅಂಗಡಿಯವರ ಮಾತೇ ಗತಿ. ಹಗ್ಗದ ಸರವೇ ಬೇಕು, ಫೋಟೋದಲ್ಲಿ ದಪ್ಪ ಕಾಣಬೇಕು ಅನ್ನುವವರು ತೆಗೆದುಕೊಳ್ಳಿ, ಹಬ್ಬಕ್ಕೆ ಹಾಕಿ ತೆಗೆದಿಡಿ. ಸ್ಕೂಟರ್ ಇದ್ದರೆ ಬೇಡ.

ಗಟ್ಟಿ ಸರಕ್ಕೆ ಈಗ ಎರಡು ವರ್ಷ. ಹೆಲ್ಮೆಟ್ ಪಟ್ಟಿ ತಾಗುವ ಜಾಗದಲ್ಲಿ ಐದಾರು ಕೊಂಡಿ ಸ್ವಲ್ಪ ಸವೆದು ಮಿರಮಿರ ಹೊಳೆಯುತ್ತಿವೆ, ಉಳಿದವು ಮಬ್ಬು. 18 ಕ್ಯಾರೆಟ್ ಸರ ತಂಗಿ ಕೇಳಿದಳು, ಕೊಟ್ಟೆ. ಹೋದ ವಾರ ಫೋನ್ ಮಾಡಿ ಮೊದಲು ಕೇಳಿದ್ದೇ, "ಅಕ್ಕಾ, ಆ ಗಂಟು ಹೇಗೆ ಬಿಡಿಸ್ತಿದ್ದೆ?"