ಎಕ್ಸ್‌ರೇ ಟೆಕ್ನಿಷಿಯನ್ ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ದಯವಿಟ್ಟು ಇದನ್ನು ಓದಿರಿ

"ಒಂದೇ ವರ್ಷದಲ್ಲಿ ಎಕ್ಸ್‌ರೇ, ಸಿಟಿ, ಎಂಆರ್‌ಐ ಟೆಕ್ನಿಷಿಯನ್ ಡಿಪ್ಲೊಮಾ, ಸರ್ಕಾರಿ ಮಾನ್ಯತೆ, ನೂರಕ್ಕೆ ನೂರು ನೌಕರಿ" ಎಂಬ ಫಲಕ ನೋಡಿ ಹುಬ್ಬಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೊರಟಿರುವ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ತಂದೆ-ತಾಯಂದಿರು ದಯವಿಟ್ಟು ಎರಡು ದಿನ ತಡೆಯಿರಿ. ಅಂಥ ಒಂದು ಸಂಸ್ಥೆಗೆ ನಾವು 95,000 ರೂಪಾಯಿ ಕಟ್ಟಿದೆವು. ನನ್ನ ತಮ್ಮನ ಮಗಳ ಹನ್ನೊಂದು ತಿಂಗಳು ಹಾಳಾಯಿತು. ಆಕೆಯ ಕೈಗೆ ಬಂದದ್ದು ಯಾವ ಆಸ್ಪತ್ರೆಯೂ ಒಪ್ಪದ ಒಂದು ಕಾಗದ.

ನಾನು ಗದಗ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಎಲ್ಲಿಗೆ ಕಳಿಸಬೇಕೆಂದು ಊರಿನವರು ನನ್ನನ್ನು ಕೇಳಿಕೊಂಡು ಬರುತ್ತಾರೆ. ಹಾಗಿರುವಾಗ ನಾನೇ ಮೋಸಹೋದೆ ಎಂದು ಬರೆಯುವುದು ನನಗೆ ಬಹಳ ಕಷ್ಟವಾಗುತ್ತಿದೆ. ಅದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹುಡುಗಿ ಪಿಯುಸಿ ವಿಜ್ಞಾನದಲ್ಲಿ ಚೆನ್ನಾಗಿಯೇ ಉತ್ತೀರ್ಣಳಾಗಿದ್ದಳು. ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬುದು ಅವಳದೇ ಆಸೆ. ಆ ವರ್ಷ ಬೆಳೆದ ಹೆಸರುಕಾಳು ಮಾರಿದ ಹಣದಲ್ಲಿ ತಮ್ಮ 40,000 ರೂಪಾಯಿಯ ಮೊದಲ ಕಂತು ಕಟ್ಟಿದ, ಉಳಿದದ್ದನ್ನು ಎರಡು ಕಂತುಗಳಲ್ಲಿ ನಾನು ಕಟ್ಟಿದೆ. ಪ್ರವೇಶದ ದಿನ ನಾನೇ ಕೇಳಿದ್ದೆ: "ಮೇಡಂ, ಇದು ಪ್ಯಾರಾಮೆಡಿಕಲ್ ಮಂಡಳಿಯ ಕೋರ್ಸ್ ಹೌದಲ್ಲ?" ಇಂಥ ಡಿಪ್ಲೊಮಾಗಳಿಗೆ ಪರೀಕ್ಷೆ ನಡೆಸುವ ರಾಜ್ಯದ ಮಂಡಳಿ ಅದು. ಅದಕ್ಕೆ ಬಂದ ಉತ್ತರ ಈಗಲೂ ಕಿವಿಯಲ್ಲಿದೆ. "ಸರ, ಮಂಡಳಿಗಿಂತ ಮ್ಯಾಲಿನ ಮಾನ್ಯತೆ ಐತಿ ನಮಗ. ಅಖಿಲ ಭಾರತ ಮಟ್ಟದ್ದು. ನೀವೇನೂ ಕಾಳಜಿ ಮಾಡಬ್ಯಾಡ್ರಿ." ಗೋಡೆಯ ಮೇಲೆ ಐಎಸ್‌ಒ ಪ್ರಮಾಣಪತ್ರವೊಂದಕ್ಕೆ ಚೌಕಟ್ಟು ಹಾಕಿ ತೂಗುಹಾಕಿದ್ದರು. ನಾನು ಅದನ್ನು ನೋಡಿ ತಲೆಯಾಡಿಸಿದೆ. ಐಎಸ್‌ಒ ಎನ್ನುವುದು ಸಂಸ್ಥೆಯೊಂದರ ಆಡಳಿತ ಕ್ರಮಕ್ಕೆ ಕೊಡುವ ಪ್ರಮಾಣಪತ್ರವೇ ಹೊರತು ಡಿಪ್ಲೊಮಾ ಕೊಡುವ ಅಧಿಕಾರವಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ರಸೀದಿಯಲ್ಲಿ "ಡಿಪ್ಲೊಮಾ" ಎಂಬ ಪದ ಎಲ್ಲಿಯೂ ಇರಲಿಲ್ಲ, "ಕೌಶಲ್ಯ ತರಬೇತಿ ಸೇವಾ ಶುಲ್ಕ" ಎಂದಷ್ಟೇ ಅಚ್ಚಾಗಿತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದೊಂದು ಒತ್ತಕ್ಷರವನ್ನೂ ತಿದ್ದುವ ನಾನು ಆ ಮೂರು ರಸೀದಿಗಳನ್ನು ಓದದೆ ಮಡಿಚಿ ಜೇಬಿಗೆ ಹಾಕಿಕೊಂಡೆ.

ಅವರ ಪಠ್ಯಕ್ರಮದ ಪಟ್ಟಿಯಲ್ಲಿ "ಗರ್ಭಿಣಿಯರ ಸ್ಕ್ಯಾನಿಂಗ್" ಎಂಬುದೂ ಇತ್ತು. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಆ ಸ್ಕ್ಯಾನಿಂಗ್ ಮಾಡುವ ಅಧಿಕಾರ ಅರ್ಹ ವೈದ್ಯರಿಗೆ ಮಾತ್ರ ಇದೆ. ಯಾವ ಟೆಕ್ನಿಷಿಯನ್ ಕೋರ್ಸಾದರೂ ಅದನ್ನು ಕಲಿಸಿ ಕೆಲಸ ಕೊಡಿಸುತ್ತೇವೆ ಎಂದರೆ ಅಲ್ಲಿಂದಲೇ ಎದ್ದು ಬರಬೇಕಾಗಿತ್ತು. ನಾವು ಎದ್ದು ಬರಲಿಲ್ಲ.

ಈಗ ಧಾರವಾಡದಲ್ಲಿ ಸತ್ಯ ತಿಳಿದ ದಿನದ ವಿಷಯಕ್ಕೆ ಬರುತ್ತೇನೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ವಿಭಾಗಕ್ಕೆ ಜನ ಬೇಕಾಗಿದ್ದಾರೆಂದು ತಿಳಿದು ಹುಡುಗಿಯನ್ನು ಕರೆದುಕೊಂಡು ನಾನೇ ಹೋಗಿದ್ದೆ. ಆ ವಿಭಾಗದ ಹಿರಿಯ ಟೆಕ್ನಿಷಿಯನ್ ಒಬ್ಬರು, ಬಹಳ ಸೌಜನ್ಯದ ಮನುಷ್ಯ, ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು ಮುಂದೆ ನೋಡಿದರು, ಹಿಂದೆ ತಿರುವಿ ನೋಡಿದರು, ಮತ್ತೆ ಮುಂದೆ ನೋಡಿದರು. "ಯಾವ ಬೋರ್ಡ್ ತಂಗಿ ಇದು?" ಎಂದು ಕೇಳಿದರು. ಅವಳು ಸಂಸ್ಥೆಯ ಹೆಸರು ಹೇಳಿದಳು. "ಸಂಸ್ಥೆ ಹೆಸರು ಐತಿ, ಕಾಣಸ್ತದ. ಪರೀಕ್ಷೆ ಮಾಡಿದ ಬೋರ್ಡ್ ಯಾವುದು? ಯುನಿವರ್ಸಿಟಿ ಯಾವುದು? ನಿನ್ನ ರಜಿಸ್ಟ್ರೇಶನ್ ನಂಬರ್ ಎಲ್ಲಿ?" ಅವಳು ಮೂಲೆಯಲ್ಲಿದ್ದ ಕೆಂಪು ಸಂಖ್ಯೆಯನ್ನು ಬೆರಳಿಟ್ಟು ತೋರಿಸಿದಳು. ಅವರು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಸರ, ಇದು ಕಾಗದದ ಕ್ರಮಸಂಖ್ಯೆ. ಇವಳದಲ್ಲ."

ಆ ಕ್ಷಣದಲ್ಲಿ ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಗೋಡೆಯ ಚೌಕಟ್ಟು, "ಮ್ಯಾಲಿನ ಮಾನ್ಯತೆ", ಸೇವಾ ಶುಲ್ಕ, ಎಲ್ಲವೂ. ಹುಡುಗಿ ನನ್ನ ಮುಖ ನೋಡುತ್ತಿದ್ದಳು, ದೊಡ್ಡಪ್ಪ ಏನಾದರೂ ಹೇಳಿ ಸರಿಪಡಿಸುತ್ತಾನೆ ಎಂಬಂತೆ. ನನ್ನ ಬಳಿ ಹೇಳಲು ಏನೂ ಇರಲಿಲ್ಲ.

ಆಕೆ ಇನ್ನೊಂದು ಸಂಗತಿಯನ್ನು ಬಾಯಿಬಿಟ್ಟದ್ದು ಮರಳಿ ಬರುವಾಗ ಬಸ್ಸು ಅಣ್ಣಿಗೇರಿ ದಾಟಿದ ಮೇಲೆ. ಹಣಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಅದೇ. ಕೊನೆಯ ಆರು ತಿಂಗಳ "ಪ್ರಾಯೋಗಿಕ ತರಬೇತಿ"ಗಾಗಿ ಇವರನ್ನು ಒಂದು ರೋಗನಿರ್ಣಯ ಕೇಂದ್ರಕ್ಕೆ ಕಳಿಸುತ್ತಿದ್ದರು. ಅಲ್ಲಿ ಕಲಿಸುವವರು ಯಾರೂ ಇರಲಿಲ್ಲ. ಎದೆಗೆ ಇಷ್ಟು ಕೆವಿ, ಸೊಂಟಕ್ಕೆ ಇಷ್ಟು ಕೆವಿ, ಇಷ್ಟು ಎಂಎಎಸ್ ಎಂದು (ಕಿರಣದ ಬಲ ಮತ್ತು ಪ್ರಮಾಣದ ಅಳತೆಗಳಿವು) ಬರೆದ ಚೀಟಿಯೊಂದನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದರು. ಅದನ್ನು ನೋಡಿಕೊಂಡು ಈ ಹದಿನೆಂಟು ವರ್ಷದ ಮಕ್ಕಳೇ ಗುಂಡಿ ಒತ್ತುತ್ತಿದ್ದರು. ದಪ್ಪ ಮೈಯವರು ಬಂದರೆ ಚಿತ್ರ ಸರಿಯಾಗಿ ಮೂಡುತ್ತಿರಲಿಲ್ಲ, ಆಗ ಇನ್ನೊಮ್ಮೆ, ಮತ್ತೊಮ್ಮೆ. ಒಬ್ಬ ಅಜ್ಜಿಯ ಸೊಂಟದ ಎಕ್ಸ್‌ರೇಯನ್ನು ಮೂರು ಸಲ ತೆಗೆದದ್ದನ್ನು ಅವಳು ಅಳುತ್ತ ಹೇಳಿದಳು. ಎದೆಯ ಎಕ್ಸ್‌ರೇಗಿಂತ ಸೊಂಟದ ಎಕ್ಸ್‌ರೇಯಲ್ಲಿ ದೇಹಕ್ಕೆ ತಗಲುವ ವಿಕಿರಣ ಹತ್ತು ಪಟ್ಟಿಗಿಂತಲೂ ಹೆಚ್ಚು. ಅದನ್ನು ಮೂರು ಬಾರಿ ಪಡೆದ ಆ ಅಜ್ಜಿಗೆ ತನ್ನ ಮೇಲೆ ಒಬ್ಬ ವಿದ್ಯಾರ್ಥಿನಿ ಊಹೆಯಿಂದ ಕೆಲಸ ಮಾಡುತ್ತಿದ್ದಾಳೆಂದು ತಿಳಿಯುವ ದಾರಿಯೇ ಇರಲಿಲ್ಲ.

ಚಿಕ್ಕ ಮಕ್ಕಳು ಅಲುಗಾಡದಂತೆ ಹಿಡಿದುಕೊಳ್ಳುವ ಕೆಲಸವೂ ಇವಳದೇ ಆಗಿತ್ತು. ಸೀಸದ ಏಪ್ರನ್ ಒಂದೇ ಇತ್ತಂತೆ, ಅದೂ ಮಡಿಕೆ ಬಿದ್ದು ಸೀಳಿತ್ತು. ವಿಕಿರಣದ ಕೋಣೆಯಲ್ಲಿ ಕೆಲಸ ಮಾಡುವವರು ಎದೆಗೆ ಧರಿಸುವ, ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಲೆಕ್ಕ ತರಿಸಬೇಕು. ಅದನ್ನು ಇವಳು ಕಣ್ಣಿನಿಂದ ಕೂಡ ನೋಡಿರಲಿಲ್ಲ. ಹೀಗಾಗಿ ಆರು ತಿಂಗಳಲ್ಲಿ ಅವಳ ಮೈಗೆ ಎಷ್ಟು ತಗಲಿತು ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. "ಯಾಕ ಮೊದಲೇ ಹೇಳಲಿಲ್ಲವ್ವಾ?" ಎಂದು ಕೇಳಿದೆ. "ಎಲ್ಲಾರೂ ಹಿಂಗ ಕಲೀತಾರ ಅಂದಿದ್ರು ದೊಡ್ಡಪ್ಪಾ" ಎಂದಳು.

ಮರುದಿನವೇ ಸಂಸ್ಥೆಗೆ ಹೋದೆ. ಅವರ ಉತ್ತರಗಳನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಉತ್ತರಗಳು ಸಿಗುತ್ತವೆ. ಮೊದಲು, "ಧಾರವಾಡದ ಆಸ್ಪತ್ರೆಯವರಿಗೆ ಗೊತ್ತಿಲ್ಲ ಸರ, ಬೆಂಗಳೂರಾಗ ನಮ್ಮ ಹುಡುಗರು ಬಾಳ ಮಂದಿ ಅದಾರ." ಯಾವ ಆಸ್ಪತ್ರೆಯಲ್ಲಿ, ಒಬ್ಬರ ಹೆಸರು ಹೇಳಿ ಎಂದರೆ ಹೇಳಲಿಲ್ಲ. ಬಳಿಕ, "ನಾವು ನೌಕರಿಗೆ ನೆರವು ಅಂದ್ವಿ, ಗ್ಯಾರಂಟಿ ಅಂದಿಲ್ಲ." ಫಲಕದ ಮೇಲಿನ ನೂರಕ್ಕೆ ನೂರು ಎಂಬ ಬರಹವನ್ನು ತೋರಿಸಿದಾಗ, "ಅದು ಜಾಹೀರಾತು ಸರ." ಹಣ ಮರಳಿಸಿ ಎಂದಾಗ, "ತರಬೇತಿ ಮುಗದದ, ಸೇವಾ ಕೊಟ್ಟಾಗೇದ, ರಸೀದಿ ನೋಡಿಕೊಳ್ರಿ." ಟಿಎಲ್‌ಡಿ ಬ್ಯಾಡ್ಜಿನ ಬಗ್ಗೆ ಕೇಳಿದಾಗ, "ಯಂತ್ರ ಬಂದ್ ಮಾಡಿದ ಮ್ಯಾಲೆ ವಿಕಿರಣ ಏನೂ ಇರೂದಿಲ್ಲ ಸರ, ಸುಮ್ಮನ ಹೆದರಬ್ಯಾಡ್ರಿ." ಯಂತ್ರ ನಿಂತ ಮೇಲೆ ಎಕ್ಸ್‌ರೇ ಇರುವುದಿಲ್ಲ ಎಂಬುದು ನಿಜ. ಆದರೆ ನಮ್ಮ ಹುಡುಗಿ ಮಗುವನ್ನು ಹಿಡಿದು ನಿಂತದ್ದು ಯಂತ್ರ ನಿಂತಾಗಲ್ಲ, ನಡೆಯುತ್ತಿದ್ದಾಗ. ರೋಗಿಯ ಮೈಯಿಂದ ಚದುರಿದ ಕಿರಣ ಪಕ್ಕದಲ್ಲಿ ನಿಂತವರ ಮೈಗೂ ತಾಗುತ್ತದೆ. ಇದನ್ನು ಹೇಳಿದಾಗ ಅವರು ಬೇರೆ ಕಡೆ ನೋಡಿದರು.

ಕೊನೆಗೆ ಆ ಸಂಸ್ಥೆಯ ಮುಖ್ಯಸ್ಥ ಹೇಳಿದ ಎರಡು ಮಾತುಗಳನ್ನು ನಾನು ಮರೆಯಲಾರೆ. ಒಂದು: "ನೀವು ಮಾಸ್ತರು, ನಿಮಗ ಮೊದಲ ತಿಳೀಬೇಕಿತ್ತು." ಇನ್ನೊಂದು: "ಎಕ್ಸ್‌ರೇ ತೆಗ್ಯಾವ್ರಿಗೆ ಲೈಸೆನ್ಸ್ ಅಂತ ಯಾರು ಕೇಳ್ತಾರ ಸರ? ನೀವು ಎಂದರ ಕೇಳೀರೇನು?"

ಇಲ್ಲ, ನಾನು ಎಂದೂ ಕೇಳಿರಲಿಲ್ಲ. ನಮ್ಮಲ್ಲಿ ಯಾರೂ ಕೇಳಿಲ್ಲ. ಔಷಧ ಅಂಗಡಿಗೆ ಹೋದರೆ ಗೋಡೆಯ ಮೇಲೆ ಫಾರ್ಮಸಿಸ್ಟರ ನೋಂದಣಿ ಪತ್ರ ಇರುತ್ತದೆ, ಏಕೆಂದರೆ 1948ರಿಂದಲೇ ಅವರಿಗೊಂದು ಕಾಯ್ದೆ ಇದೆ. ನರ್ಸುಗಳಿಗೆ 1947ರಿಂದಲೇ ಕಾಯ್ದೆ ಇದೆ, ರಾಜ್ಯದ ಪರಿಷತ್ತು ಇದೆ, ಅವರವರ ನೋಂದಣಿ ಸಂಖ್ಯೆ ಇದೆ. ಎಕ್ಸ್‌ರೇ ಯಂತ್ರಕ್ಕೆ ಕೂಡ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಅದನ್ನು ನಡೆಸುವವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಕಲಿತಿರಬೇಕು ಎಂದು ಅದೇ ಮಂಡಳಿಯ ಸಂಹಿತೆಯೂ ಹೇಳುತ್ತದೆ. ಆದರೆ ಬಾಗಿಲ ಹೊರಗೆ ಬೆಂಚಿನ ಮೇಲೆ ಚೀಟಿ ಹಿಡಿದು ಕುಳಿತ ರೋಗಿ ಒಳಗಿರುವವರು ಕಲಿತವರೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಆ ಅಜ್ಜಿ ತಿಳಿಯುವುದು ಹೇಗಿತ್ತು?

ಇದಕ್ಕಾಗಿಯೇ ಸಂಸತ್ತು 2021ರಲ್ಲಿ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯನ್ನು ಮಾಡಿದೆ. ಸಹವರ್ತಿ ಎಂದರೆ ವೈದ್ಯರ ಕೆಲಸಕ್ಕೆ ನೆರವಾಗುವ ಟೆಕ್ನಿಷಿಯನ್ನರಂಥವರ ವೃತ್ತಿ. ಎಕ್ಸ್‌ರೇ, ಸಿಟಿ, ಎಂಆರ್‌ಐ ವೃತ್ತಿಯವರೂ ಅದರ ಪಟ್ಟಿಯಲ್ಲಿ ಸೇರಿದ್ದಾರೆ. ಪ್ರತಿ ರಾಜ್ಯವೂ ಪರಿಷತ್ತು ರಚಿಸಿ ಅರ್ಹರ ಹೆಸರುಗಳ ರಿಜಿಸ್ಟರ್ ಇಡಬೇಕು. ಸುಳ್ಳಾಗಿ ತಾನು ನೋಂದಾಯಿತ ಎಂದು ಹೇಳಿಕೊಂಡವರಿಗೆ ಮೊದಲ ಸಲ 50,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಅದರಲ್ಲಿದೆ. 2024ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎರಡು ತಿಂಗಳೊಳಗೆ ಇದನ್ನು ಜಾರಿಗೊಳಿಸಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಬೇಕಾಯಿತು. ಕಾಯ್ದೆ ಬಂದು ಮೂರು ವರ್ಷ ಕಳೆದ ಮೇಲೂ ನ್ಯಾಯಾಲಯ ಹೇಳಬೇಕಾಯಿತು ಎಂದರೆ, ನಡುವಿನ ಆ ವರ್ಷಗಳಲ್ಲಿ ಇಂಥ ಸಂಸ್ಥೆಗಳು ಎಷ್ಟು ಮನೆಗಳ ಹಣ ನುಂಗಿರಬಹುದು ಎಂದು ನೀವೇ ಯೋಚಿಸಿರಿ.

ಆ ಕಾಯ್ದೆಯಲ್ಲಿಯೇ ಇರುವ ಒಂದು ಅಂಕಿ ನನ್ನನ್ನು ಇಡೀ ರಾತ್ರಿ ನಿದ್ದೆಗೆಡಿಸಿತು. ಸಹವರ್ತಿ ವೃತ್ತಿಯ ಡಿಪ್ಲೊಮಾ ಅಥವಾ ಪದವಿ ಎಂದರೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಕಲಿಕೆ. ಹುಡುಗಿಯ ನೋಟ್‌ಬುಕ್ ತೆಗೆದು ದಿನಾಂಕ ನೋಡಿ ಲೆಕ್ಕ ಹಾಕಿದೆ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡೂವರೆ ಗಂಟೆ, ಇಪ್ಪತ್ತನಾಲ್ಕು ವಾರ: 180 ಗಂಟೆ. ಆ ಕೇಂದ್ರದ "ತರಬೇತಿ"ಯನ್ನು ಪೂರ್ತಿ ಸೇರಿಸಿದರೂ, 150 ದಿನ, ದಿನಕ್ಕೆ ನಾಲ್ಕು ಗಂಟೆ: 600. ಒಟ್ಟು 780. ಅರ್ಧವನ್ನೂ ಮುಟ್ಟಲಿಲ್ಲ. ಈ ಲೆಕ್ಕವನ್ನು ಪ್ರವೇಶದ ದಿನವೇ ಅವರ ಮೇಜಿನ ಮುಂದೆ ಕುಳಿತು ಹಾಕಲು ಬರುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು, ಮತ್ತು ಇದನ್ನು ನಮ್ಮ ಶಾಸಕರಿಗೂ ಆರೋಗ್ಯ ಇಲಾಖೆಗೂ ಬರೆದು ಕಳಿಸಿದ್ದೇನೆ. ಪರಿಷತ್ತು ಎಂಬ ಹೆಸರಿದ್ದರೆ ಸಾಲದು. ರಾಜ್ಯದ ಲೈಸೆನ್ಸ್ ಇಲ್ಲದೆ ಯಾರೂ ಎಕ್ಸ್‌ರೇ ಅಥವಾ ಸಿಟಿ ಯಂತ್ರ ಮುಟ್ಟಬಾರದು. ಆ ಲೈಸೆನ್ಸಿನ ಸಂಖ್ಯೆ ಕೋಣೆಯ ಬಾಗಿಲ ಮೇಲೆ ಭಾವಚಿತ್ರ ಸಹಿತ ಇರಬೇಕು. ಹಳ್ಳಿಯವರೂ ಮೊಬೈಲಿನಲ್ಲಿ ಆ ಸಂಖ್ಯೆ ಒತ್ತಿ, ಕನ್ನಡದಲ್ಲಿ, ಇವರು ಯಾರು, ಎಲ್ಲಿ ಕಲಿತವರು ಎಂದು ನೋಡುವಂತಿರಬೇಕು. ವರ್ಷಗಟ್ಟಲೆ ಕಷ್ಟಪಟ್ಟು ಓದಿ ಬಂದ ನಿಜವಾದ ಟೆಕ್ನಿಷಿಯನ್ನರಿಗೂ ಇದು ನ್ಯಾಯ. ಧಾರವಾಡದ ಆ ಹಿರಿಯರು ಹೇಳಿದರು, ಕಲಿಯದವರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವುದರಿಂದ ಕಲಿತವರ ಸಂಬಳವೂ ಏರುವುದಿಲ್ಲವಂತೆ.

ಮಕ್ಕಳನ್ನು ಕೋರ್ಸಿಗೆ ಸೇರಿಸುವವರಿಗೆ ಹೇಳುವುದು ಬಹಳ ಇಲ್ಲ. ಪ್ಯಾರಾಮೆಡಿಕಲ್ ಮಂಡಳಿಯ ಅಥವಾ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರನ್ನು ನೀವೇ ಹುಡುಕಿ, ಅವರು ತೋರಿಸಿದ ಕಾಗದವನ್ನು ನಂಬಬೇಡಿ. ಪರೀಕ್ಷೆ ಯಾರು ಮಾಡುತ್ತಾರೆಂದು ಬರೆಯಿಸಿಕೊಳ್ಳಿ. ರಸೀದಿ ಓದಿ. ಮಕ್ಕಳನ್ನು ತರಬೇತಿಗೆ ಕಳಿಸಿದ ಮೊದಲ ದಿನವೇ ಎದೆಯ ಮೇಲೆ ಬ್ಯಾಡ್ಜ್ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಅಂದೇ ಮನೆಗೆ ಕರೆದುಕೊಂಡು ಬನ್ನಿ.

ಕೊನೆಯಲ್ಲಿ ಹೇಳುತ್ತೇನೆ ಎಂದ ಮಾತು ಇದು. ಹುಡುಗಿ ಸೇರಿದ ಎರಡು ತಿಂಗಳಿಗೆ, ಕೇಳಿಕೊಂಡು ಬಂದ ನಮ್ಮೂರಿನ ಎರಡು ಮನೆಯವರಿಗೆ ನಾನೇ ಆ ಸಂಸ್ಥೆಯ ವಿಳಾಸ ಕೊಟ್ಟಿದ್ದೆ. ಒಂದು ಮನೆಗೆ ಕಳೆದ ವಾರ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವರು ಬೈಯಲಿಲ್ಲ, ಚಹಾ ಕೊಟ್ಟರು, ಅದು ಇನ್ನೂ ಕಷ್ಟವಾಯಿತು. ಇನ್ನೊಂದು ಮನೆಯವರು ಕೂಲಿಗೆಂದು ಗೋವಾಕ್ಕೆ ಹೋಗಿದ್ದಾರೆ, ಹಬ್ಬಕ್ಕೆ ಬಂದಾಗ ಹೇಳಬೇಕು. ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಲು ದೂರು ಸಿದ್ಧವಾಗುತ್ತಿದೆ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. "ಕೌಶಲ್ಯ ತರಬೇತಿ ಸೇವಾ ಶುಲ್ಕ" ಎಂಬ ಇಂಥದೇ ರಸೀದಿ ನಿಮ್ಮ ಮನೆಯಲ್ಲಿಯೂ ಇದ್ದರೆ ದಯವಿಟ್ಟು ಹರಿದು ಹಾಕಬೇಡಿ, ಜೆರಾಕ್ಸ್ ಮಾಡಿಸಿ ಇಟ್ಟುಕೊಂಡು ನೀವೂ ದೂರು ಕೊಡಿರಿ.