ಡ್ರಾಫ್ಟ್ ಗೈಡ್‌ಗೆ ಕೊಟ್ಟ ದುಡ್ಡು ಅರ್ಧ ವಸೂಲು
ಆಫೀಸಿನ ಫ್ಯಾಂಟಸಿ ಲೀಗಲ್ಲಿ (ನಿಜವಾದ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಂಡು, ಅಂದ್ರೆ ಡ್ರಾಫ್ಟ್ ಮಾಡಿ, ಅವರ ಆಟದ ಮೇಲೆ ಪಾಯಿಂಟ್ ಗಳಿಸೋ ಆಟ) ಎರಡು ವರ್ಷ ಲಾಸ್ಟ್ ಬಂದು ಮಾನ ಹೋಗಿತ್ತು, ಅದಕ್ಕೇ ದುಡ್ಡು ಕೊಟ್ಟು ಒಂದು ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಫ್ಯಾಂಟಸಿ ಡ್ರಾಫ್ಟ್ ಗೈಡ್ ತಗೊಂಡೆ, ಹೆಸರು ಬೇಡ ಬಿಡಿ. ಚೆನ್ನಾಗಿರೋದು ಒಂದೇ, ಜನ ಸರಾಸರಿ ಎಷ್ಟನೇ ನಂಬರ್‌ಗೆ ಆಟಗಾರನ್ನ ತಗೋತಾರೆ ಅನ್ನೋ ಎಡಿಪಿ ಪಕ್ಕದಲ್ಲೇ ಇವರ ರ‍್ಯಾಂಕ್ ಹಾಕಿದಾರೆ, ಎಡಿಪಿ 110, ರ‍್ಯಾಂಕ್ 80 ಇದ್ರೆ ಅಗ್ಗದ ಮಾಲು ಅಂತ ತಕ್ಷಣ ಗೊತ್ತಾಗುತ್ತೆ. ಸ್ಲೀಪರ್ ಲಿಸ್ಟ್, ಅಂದ್ರೆ ಯಾರೂ ಗಮನಿಸದ ಆದ್ರೆ ಮಿಂಚಬಹುದಾದ ಆಟಗಾರರ ಪಟ್ಟಿ, ಮಾತ್ರ ಸಪ್ಪೆ, ಎಲ್ಲಾ ಊರಿಗೇ ಗೊತ್ತಿರೋ ಹೆಸರುಗಳು. 2023ರಲ್ಲಿ ಪೂಕಾ ನಕೂವಾ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನ ಆರಿಸೋ ಡ್ರಾಫ್ಟ್‌ನ ಐದನೇ ರೌಂಡಲ್ಲಿ ರ‍್ಯಾಮ್ಸ್‌ಗೆ ಬಂದವ್ನು, ಆ ತಂಡದ ಸ್ಟಾರ್ ಆಟಗಾರ ಕೂಪರ್ ಕಪ್‌ಗೆ ಪೆಟ್ಟಾಗಿ ಚಾನ್ಸ್ ಸಿಕ್ತು, ಸೀಸನ್ ಮುಗಿಯೋಷ್ಟರಲ್ಲಿ 105 ಕ್ಯಾಚ್, 1,486 ಯಾರ್ಡ್! ಅಂಥವ್ರನ್ನ ಹಿಡೀಬೇಕಂದ್ರೆ ಯಾರಿಗೆ ಗಾಯ, ಎಲ್ಲಿ ಜಾಗ ಖಾಲಿ ಅಂತ ದಿನಾ ನೋಡ್ಬೇಕು, ಇದರಲ್ಲಿ ಆ ಅಪ್‌ಡೇಟೇ ಮೂರು ದಿನ ಲೇಟು. ಐದಕ್ಕೆ ಮೂರು ಸ್ಟಾರ್.